ಕಾಕಾ ಟಾವೆಲ್ ಕೆಳಗೆ ಕೊಂಡ ರೆಕಾರ್ಡಿಂಗ್ ಪೆಟ್ಟಿಗೆ

ವಿಡಿಯೋ ಗೇಮ್ ಆಡುವ ವಯಸ್ಸು ನನ್ನದಲ್ಲ ಎಂಬುದು ಬೈಲಹೊಂಗಲದಲ್ಲಿ ಅನೇಕರ ಅಭಿಪ್ರಾಯ. ಆ ಅನೇಕರಿಗೆ ನನ್ನ ಹೆಂಡತಿ ಸರೋಜಾ ಅಧ್ಯಕ್ಷೆ. ಆದರೆ ಹಗಲೆಲ್ಲ ಪಾತ್ರೆ ಅಂಗಡಿಯಲ್ಲಿ ಕೊಡ, ಪಾತೇಲಿ ತೂಗಿ ತೂಗಿ ಬೇಸತ್ತ ಜೀವಕ್ಕೆ ಸಂಜೆ ಟಿವಿ ಮುಂದೆ ಕುಳಿತು ನಾಲ್ಕು ಸುತ್ತು ರೇಸ್ ಕಾರು ಓಡಿಸುವ ಹಕ್ಕಿಲ್ಲವೇ? ಇದೆ ಎಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೆ.

ರಾಮದುರ್ಗದಲ್ಲಿರುವ ಷಡ್ಡಕ ಮಲ್ಲೇಶ, ಅಂದರೆ ಸರೋಜಾಳ ತಂಗಿಯ ಗಂಡ, ಅವನೂ ಅದೇ ಆಟದ ಹುಚ್ಚ. ಒಂದು ದಿನ ತನ್ನ ಓಟದ ವಿಡಿಯೋ ಕಳಿಸಿ, "ಅಣ್ಣಾರ, ಇದನ್ನ ಹಿಂದ ಹಾಕ್ರಿ ನೋಡೂಣು" ಎಂದ. ಎಂದೋ ಹಾಕಿದ್ದೇನೆ ಎಂದೆ. "ಸಾಕ್ಷಿ ಏನೈತ್ರಿ?" ಎಂದ. ಮೊಬೈಲಿನಿಂದ ಟಿವಿಯನ್ನೇ ಶೂಟ್ ಮಾಡಿ ಕಳಿಸಿದೆ. ಅದರಲ್ಲಿ ಕಾರು ಕಾಣಲಿಲ್ಲ, ಟಿವಿ ಗಾಜಿನಲ್ಲಿ ಹೊಳೆಯುವ ನಮ್ಮ ಟ್ಯೂಬ್‌ಲೈಟ್ ಕಂಡಿತು!

ಮಾತಿಗೆ ಮಾತು ಬೆಳೆದು ಪಣ ಬಿತ್ತು. ಪಂಚಮಿ ಹಬ್ಬಕ್ಕೆ ಸವದತ್ತಿಯ ಮಾವನ ಮನೆಯಲ್ಲಿ ಎಲ್ಲರೆದುರು ಸ್ಪಷ್ಟವಾದ ವಿಡಿಯೋ ತೋರಿಸಬೇಕು. ಸೋತವನು ಗೆದ್ದವನಿಗೆ ಊಟ ಬಡಿಸಬೇಕು. ಹಿರಿಯ ಅಳಿಯನಾದ ನಾನು ಮಾವನ ಮನೆಯಲ್ಲಿ ಸೌಟು ಹಿಡಿದು ಕಿರಿಯ ಅಳಿಯನ ತಾಟಿನ ಮುಂದೆ ಬಗ್ಗುವುದೇ? ನೆನೆಸಿಕೊಂಡರೇ ಬೆವರು ಬಂತು.

ಆಟವನ್ನು ನೇರವಾಗಿ ಹಿಡಿದಿಡುವ ಕ್ಯಾಪ್ಚರ್ ಕಾರ್ಡ್ ಎಂಬ ಸಾಧನ ಸಿಗುತ್ತದೆ ಎಂದು ತಿಳಿಯಿತು, ಅದನ್ನು ಕೊಳ್ಳಲು ಹೊರಟೆ. ಇಲ್ಲಿಯವರೆಗೆ ನನ್ನ ತಪ್ಪಿಲ್ಲ. ತಪ್ಪಾದದ್ದು ಈರಪ್ಪ ಕಾಕಾನನ್ನು ಜೊತೆಗೆ ಕರೆದದ್ದು! ಅಪ್ಪನ ತಮ್ಮನಾದ ಕಾಕಾ ದನದ ಪೇಟೆಯ ದಲಾಲಿ. ಅವನ ಕೈ ಮುಟ್ಟದೆ ನಮ್ಮ ಮನೆತನದಲ್ಲಿ ಎತ್ತಿನಿಂದ ಮಿಕ್ಸರಿನವರೆಗೆ ಏನನ್ನೂ ಕೊಂಡದ್ದಿಲ್ಲ.

ಎಲೆಕ್ಟ್ರಾನಿಕ್ಸ್ ಅಂಗಡಿಯವನು ಬೆರಳಿನಷ್ಟುದ್ದದ ಒಂದು ವಸ್ತು ಹೊರತೆಗೆದ. "ಇದ ನೋಡ್ರಿ ಸಾವಕಾರ್ರ. ಆಟ ಇದರಾಗಿಂದ ಹಾದು ಕಂಪ್ಯೂಟರಿನ್ಯಾಗ ರೆಕಾರ್ಡ್ ಆಗತೈತಿ."

ಕಾಕಾ ಅದನ್ನು ಅಂಗೈಯಲ್ಲಿ ತೂಗಿ ನೋಡಿ ಮುಖ ಕಿವಿಚಿದ. "ಇದೇನೋ ತಮ್ಮಾ, ಇದಕ್ಕ ಹೊಟ್ಟಿಗಿ ಹಾಕಿಲ್ಲೇನು? ಆ ಮ್ಯಾಲಿಂದು ಇಳಸು."

ಮೇಲಿಂದ ಇಳಿದದ್ದು ಅಗಲ ಎದೆಯ ಕರಿ ಪೆಟ್ಟಿಗೆ. ಕಾಕಾ ಅದರ ಬೆನ್ನು ಸವರಿದ. ಹಿಂಬದಿಯ ತೂತುಗಳನ್ನು ಎತ್ತಿನ ಹಲ್ಲು ನೋಡಿದಂತೆ ಬಗ್ಗಿ ನೋಡಿದ. ಕಾಲೂರಿ ನಿಲ್ಲುತ್ತದೆಯೋ ಎಂದು ಒಮ್ಮೆ ನೂಕಿದ. ನಿಂತಿತು.

"ಅಜ್ಜಾರ, ಅದು ಸಿಸಿಟಿವಿದು ಐತ್ರಿ..."

"ರೆಕಾರ್ಡ್ ಮಾಡತೈತೋ ಇಲ್ಲೋ? ಅಷ್ಟ ಹೇಳು."

"ಮಾಡತೈತ್ರಿ, ಆದ್ರ..."

ಅಷ್ಟರಲ್ಲಿ ಕಾಕಾ ಹೆಗಲ ಮೇಲಿನ ಟಾವೆಲ್ ತೆಗೆದು ಅವನ ಕೈಗೆ ಹೊದಿಸಿ, ಒಳಗೆ ಬೆರಳು ಹಿಡಿದುಬಿಟ್ಟಿದ್ದ. ದನದ ಪೇಟೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ, ಟಾವೆಲ್ ಕೆಳಗೆ ಬೆರಳಿನಿಂದಲೇ ಮುಗಿಸುತ್ತಾರೆ. ಅಂಗಡಿಯವನಿಗೆ ಇದೇನು ಗೊತ್ತು? ಅವನಿಗೆ ಕಚಗುಳಿ! ಮೈ ಹಿಂಡಿಕೊಂಡು ಕಿಸಕ್ಕೆಂದ.

"ನಕ್ಕಾನ. ಯಾಪಾರ ಕುದರ್ತು. ಸಂಚಗಾರ ಕೊಡಪಾ," ಎಂದು ಕಾಕಾ ಟಾವೆಲ್ ಕೊಡವಿದ. ಸಂಚಗಾರವೆಂದರೆ ಮುಂಗಡ, ಅದು ಕೈ ಸೇರಿದ ಮೇಲೆ ಬ್ರಹ್ಮ ಬಂದರೂ ಮಾತು ಬದಲಾಗುವಂತಿಲ್ಲ. ನಾನು ಕೊಟ್ಟೆ. ನಿಜ ಹೇಳಬೇಕೆಂದರೆ ನನಗೂ ಆ ಪೆಟ್ಟಿಗೆಯೇ ಹಿಡಿಸಿತ್ತು. ಪಾತ್ರೆ ಮಾರುವವನ ಪಾಲಿಗೆ ತೂಕವಿದ್ದದ್ದೇ ಮಾಲು!

ಪೆಟ್ಟಿಗೆಯ ಜೊತೆ ಒಂದು ಕ್ಯಾಮೆರಾ ಬಂದಿತ್ತು. ಕಾಕಾ ಅದನ್ನು ಟಿವಿಯ ನೆತ್ತಿಗೆ ಹಗ್ಗದಿಂದ ಬಿಗಿದ. ಟಿವಿಯ ಮೇಲೆಯೇ ಕುಳಿತ ಮೇಲೆ ಟಿವಿಯಲ್ಲಿರುವುದು ಅದಕ್ಕೆ ಸಿಗದೆ ಎಲ್ಲಿಗೆ ಹೋದೀತು? ಉಳಿದ ವೈರುಗಳನ್ನು ತೂತು ಕಂಡಲ್ಲಿ ಸಿಕ್ಕಿಸಿದೆ. ಕೆಂಪು ದೀಪ ಮಿಣುಕಿತು.

"ರೀ, ಅದು ನಿಮ್ಮನ್ನ ನೋಡಾಕತ್ತೈತಲ್ರೀ?" ಎಂದಳು ಸರೋಜಾ.

"ಇದೆಲ್ಲಾ ಟೆಕ್ನಿಕಲ್ ಐತಿ. ನೀ ಪಂಚಮಿ ಉಂಡಿ ಕಟ್ಟಹೋಗು," ಎಂದೆ.

ಅಂದು ಓಡಿಸಿದೆ ನೋಡಿ ಕಾರು! ಕಾಕಾ ಪಕ್ಕದಲ್ಲಿ ಕುಳಿತು ಹುರಿದುಂಬಿಸಿದ. ತಿರುವುಗಳೆಲ್ಲ ಬೆಣ್ಣೆಯಂತೆ ಜಾರಿದವು, ಮಲ್ಲೇಶನ ಓಟ ಹಿಂದೆ ಬಿತ್ತು. ದೇವರಾಣೆ, ನಿಜವಾಗಿ ಬಿತ್ತು! ಖುಷಿ ತಡೆಯದೆ ಎದ್ದು ಟಿವಿಯ ನೆತ್ತಿ ಹಿಡಿದು ಮುತ್ತಿಟ್ಟೆ. ರೆಕಾರ್ಡ್ ಆಗಿದೆಯೋ ಇಲ್ಲವೋ ಎಂದು ತೆರೆದು ನೋಡುವುದು ಅಷ್ಟು ಭಾರದ ಪೆಟ್ಟಿಗೆಗೆ ಮಾಡುವ ಅವಮಾನ ಎನಿಸಿ, ಹಾಗೆಯೇ ಗಂಟು ಕಟ್ಟಿದೆ.

ಪಂಚಮಿಯ ದಿನ ಮಾವ, ಅತ್ತೆ, ಮಲ್ಲೇಶ, ಜೊತೆಗೆ ಅಕ್ಕಪಕ್ಕದವರೂ ಟಿವಿ ಮುಂದೆ ಸೇರಿದರು. ನಾನು ಪೆಟ್ಟಿಗೆ ಜೋಡಿಸಿ, ಕ್ರೀಡೆ ಹಾಗೂ ಸತ್ಯದ ಕುರಿತು ಚಿಕ್ಕದೊಂದು ಭಾಷಣ ಮಾಡಿ, ಗುಂಡಿ ಒತ್ತಿದೆ.

ಕಾರು ಇಲ್ಲ. ರಸ್ತೆ ಇಲ್ಲ. ಸದ್ದೂ ಇಲ್ಲ! ಪಟ್ಟಾಪಟ್ಟಿ ಚಡ್ಡಿ, ಬನಿಯನ್ ತೊಟ್ಟ ಒಬ್ಬ ಮನುಷ್ಯ ಮಂಚದ ಮೇಲೆ ಕುಳಿತಿದ್ದ. ಎಡಕ್ಕೆ ವಾಲಿದ. ಬಲಕ್ಕೆ ವಾಲಿದ. ನಾಲಿಗೆ ಹೊರಬಂತು. ಒಂದು ಕಾಲು ತಾನಾಗಿಯೇ ಮೇಲೆದ್ದು ನಡುಗಿತು. ಪಕ್ಕದಲ್ಲೊಬ್ಬ ತಲೆಗೆ ಪಟಕಾ ಸುತ್ತಿದ ಮುದುಕ ಮೈಮೇಲಿನ ದೆವ್ವ ಬಿಡಿಸುವವನಂತೆ ಅವನ ಬೆನ್ನಿಗೆ ಟಾವೆಲ್ಲಿನಿಂದ ಬಾರಿಸುತ್ತಿದ್ದ. ಕೊನೆಗೆ ಆ ಮನುಷ್ಯ ಧಡಕ್ಕನೆ ಎದ್ದು, ತೋಳು ಚಾಚಿ ನೇರ ನಮ್ಮೆಡೆಗೇ ಬಂದ. ಟಿವಿ ತುಂಬ ಎರಡೇ ಎರಡು ತುಟಿ!

ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಆಮೇಲೆ ಮಗಳ ಕೈ ಹಿಡಿದು, "ಯವ್ವಾ, ಅಳಿಯಂದ್ರಿಗೆ ಹಿಂಗ ಯಾವಾಗಿಂದ ಆಗಾಕತ್ತೈತಿ? ನಮಗ್ಯಾಕ ಹೇಳಿಲ್ಲವಾ?" ಎಂದು ಕಣ್ಣೀರು ತೆಗೆದರು. ಮಾವ ಎದ್ದು ಹೋಗಿ ವಿಭೂತಿ ತಂದು ನನ್ನ ಹಣೆಗೆ ಬಳಿದರು.

"ಅತ್ತೀ, ನಾ ಕಾರ್ ಓಡಸಾಕತ್ತಿದ್ನಿರಿ!" ಎಂದು ಕೂಗಿದೆ.

"ಹೌದಪಾ, ಹೌದು. ಓಡಸಾಕತ್ತಿದ್ರಿ," ಎಂದರು ಅತ್ತೆ, ಇನ್ನಷ್ಟು ಗಾಬರಿಯಾಗಿ. ಸರೋಜಾ ಮಾತ್ರ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಅವಳ ಹೆಗಲು ಕುಣಿಯುತ್ತಿತ್ತು. ನನಗೆ ಅಳುವೇ ಬಂತು. ಗೆದ್ದಿದ್ದೆನಲ್ಲ, ನಾನು ನಿಜವಾಗಿ ಗೆದ್ದಿದ್ದೆನಲ್ಲ!

ಆಗ ಮಲ್ಲೇಶ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣೂ ಒದ್ದೆಯಾಗಿತ್ತು. "ಆತ್ರಿ ಅಣ್ಣಾರ, ನೀವ ಗೆದ್ದೀರಿ. ನಾ ಸೋತನ್ರಿ. ನೀವು ತಲಿಗಿ ಹಚ್ಚಿಕೋಬ್ಯಾಡ್ರಿ. ಮೊದಲ ಜೀವ ನೋಡಿಕೋರಿ."

ಪಣದಂತೆ ನನ್ನನ್ನು ಪಂಕ್ತಿಯ ಮೊದಲಿಗೆ ಕೂರಿಸಿ, ಎಲ್ಲರೆದುರು ಮಲ್ಲೇಶನೇ ಬಗ್ಗಿ ಬಡಿಸಿದ. ಉಳಿದವರಿಗೆ ಕಡಬು, ಉಂಡಿ, ತುಪ್ಪ. ನನಗೆ ಅತ್ತೆಯ ಅಪ್ಪಣೆಯಂತೆ ಉಪ್ಪಿಲ್ಲದ ಗಂಜಿ!