ಟ್ರಂಕು ಹಿಡಿದು ನಿಂತ ಸೋದರಮಾವ

ಸ್ವಾಗತ ಸಂಸ್ಕಾರ... ಅಲ್ಲ, ಸ್ವಾಗತ ಸತ್ಕಾರವೋ ಏನೋ. ರ‍್ಯಾಗಿಂಗಿಗೆ ವಿದ್ಯಾರ್ಥಿ ಸಂಘದ ಹುಡುಗರು ಇಟ್ಟುಕೊಂಡಿದ್ದ ಹೆಸರು. ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿರುವ ಮಗಳ ಈ ನಾಗಪುರದ ಮನೆಯಲ್ಲಿ ನೆನಪಿಸುವವರಿಲ್ಲ. ಹೆಸರು ಹೋಗಲಿ, ಬೆಳಗೊಳದವಳಾದ ನಾನು ತೊಂಬತ್ತರ ದಶಕದಲ್ಲಿ ಪಾಂಡವಪುರದ ಒಂದು ಹಾಸ್ಟೆಲಿನಲ್ಲಿ ಅಡುಗೆಗಿದ್ದೆ. ಹುಡುಗರಿರುವ ಕಡೆ ನಗುವಂಥದ್ದು ನಡೆಯುತ್ತಲೇ ಇರುತ್ತದೆ.

ಬೋರ್ಡು

ವಾರ್ಡನ್ನರು ಸಂಘದ ಅಧ್ಯಕ್ಷನನ್ನು ಕರೆದು, "ರ‍್ಯಾಗಿಂಗ್ ನಿಷೇಧಿಸಲಾಗಿದೆ ಅಂತ ಬೋರ್ಡು ಬರೆಸಪ್ಪ" ಎಂದರು. ಅಧ್ಯಕ್ಷ ಶೀಳನೆರೆಯವನು, ಕೊನೇ ವರ್ಷದ ಬಿ.ಎ. ಹೊಸ ಹುಡುಗರನ್ನು ಬಿಸಿಲಲ್ಲಿ ಕೂರಿಸಿ, ತಾನು ನೆರಳಲ್ಲಿ ಮಲಗಿ ಬರೆಸಿದ.

"ಲೇ, ಅಕ್ಷರ ಸೊಟ್ಟಗಾಯ್ತು ಕಣ್ಲಾ! ಹತ್ತು ಬಸ್ಕಿ ಹೊಡೆದು ಮತ್ತೆ ಬರಿ!"

ಸಂಜೆ ವಾರ್ಡನ್ನರು ಬೋರ್ಡು ನೋಡಿ, "ಪ್ರೀತಿಯಿಂದ ಹೇಳಿದರೆ ಎಷ್ಟು ಶ್ರದ್ಧೆಯಿಂದ ಮಾಡ್ತೀರಪ್ಪ!" ಎಂದು ಅವನ ಬೆನ್ನು ತಟ್ಟಿದರು.

ಉಂಡು ಹೋಗು

ಮರುದಿನ ಬೆಳಿಗ್ಗೆ ಸಿಂಧಘಟ್ಟದ ಹೊಸ ಹುಡುಗನೊಬ್ಬ ಟ್ರಂಕು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ.

"ಊರಿಗೆ ಹೊಂಟೆ ಕಣಕ್ಕ. ದಿನಾ ಅಧ್ಯಕ್ಷರ ಬಟ್ಟೆ ಒಗೀಬೇಕು, ಅವರ ಚಪ್ಪಲಿಗೆ ನಮಸ್ಕಾರ ಮಾಡ್ಬೇಕು. ಓದೇ ಬ್ಯಾಡ."

ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವನು ಅವನು. ಹೋದರೆ ತಿರುಗಿ ಬರುವವನಲ್ಲ. "ಒಂದು ಮುದ್ದೆ ಉಂಡು ಹೋಗ್ಲಾ" ಎಂದು ಕೂರಿಸಿದೆ. ಉಣ್ಣುವಾಗ, "ಸಿಂಧಘಟ್ಟದಲ್ಲಿ ಯಾವ ಮನೆ?" ಎಂದೆ.

"ಹುಣಸೇಮರದ ಮನೆ."

ನನ್ನ ಕೈಯ ಸೌಟು ಅಲ್ಲೇ ನಿಂತಿತು. ಅಧ್ಯಕ್ಷನ ತಾಯಿ ಮಗನನ್ನು ನೋಡಲು ಬಂದಾಗಲೆಲ್ಲ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದುದು ಅದೇ ಮನೆಯ ವಿಷಯಕ್ಕೆ. ಅದು ಆಕೆಯ ತೌರು. ಒಡಹುಟ್ಟಿದವರಿಲ್ಲ. ದಾಯಾದಿಗಳ ಬದುವಿನ ಜಗಳದಲ್ಲಿ ಹೋಗುಬರವೂ ನಿಂತಿತ್ತು. ಹುಡುಗನನ್ನು ಕೇಳಿ ಲೆಕ್ಕ ಹಾಕಿದೆ. ಇವನಪ್ಪ, ಆಕೆಯ ಅಪ್ಪ, ಅಣ್ಣತಮ್ಮಂದಿರ ಮಕ್ಕಳು. ಅಲ್ಲಿಗೆ ಆಕೆ ಇವನಿಗೆ ಅಕ್ಕ.

"ಟ್ರಂಕು ಒಳಗಿಡು. ನೀನು ಈ ಹಾಸ್ಟೆಲಿಗೇ ಹಿರೀಕ ಕಣ್ಲಾ!" ಎಂದೆ.

ಪಂಕ್ತಿಯಲ್ಲಿ

ರಾತ್ರಿ ಊಟದ ಪಂಕ್ತಿಯಲ್ಲಿ ಎಲ್ಲರ ಎದುರಿಗೇ ಅಧ್ಯಕ್ಷನನ್ನು ಕೇಳಿದೆ. "ನಿಮ್ಮವ್ವ ಯಾವ ಮನೆ ಮಗಳಪ್ಪ?"

"ಸಿಂಧಘಟ್ಟದ ಹುಣಸೇಮರದ ಮನೆ. ಯಾಕಕ್ಕ?"

"ಇವನೂ ಅದೇ ಮನೆ. ಸಂಬಂಧದಲ್ಲಿ ನಿಂಗೆ ಸೋದರಮಾವ. ಮಾವನ ಕೈಲಿ ಬಟ್ಟೆ ಒಗೆಸ್ತೀಯಲ್ಲ, ನಿಮ್ಮವ್ವಂಗೆ ಹೇಳ್ಲಾ?"

ಊಟದ ಮನೆಯೇ ಹೋ ಎಂದಿತು. ಅಧ್ಯಕ್ಷ, "ಅವ್ವಂಗೆ ಮಾತ್ರ ಹೇಳ್ಬುಡಬ್ಯಾಡಿ ಕಣಕ್ಕ" ಎಂದು ಕೈ ಮುಗಿದ. ಅಷ್ಟರಲ್ಲಿ ಮೂಲೆಯಿಂದ ಹೊಸ ಧ್ವನಿಯೊಂದು ಕೇಳಿತು: "ಅಳಿಯಾ, ಒಸಿ ನೀರು ಬಡಿಸು!"

ಆಮೇಲೆ ಯಾರನ್ನು ಮುಟ್ಟಲೂ ಹುಡುಗರಿಗೆ ಭಯ. ಯಾವೂರು, ಯಾವ ಮನೆ ಎಂದು ಮೊದಲು ವಿಚಾರಿಸುತ್ತಿದ್ದರು. ನಾಗಮಂಗಲದವನೊಬ್ಬ ಕೆ.ಆರ್. ಪೇಟೆಯ ಹುಡುಗನ ಕೈಲಿ ಬಸ್ಕಿ ಹೊಡೆಸಿದ ಮೇಲೆ, ಆ ಹುಡುಗನ ಅಕ್ಕನನ್ನೇ ತನ್ನಣ್ಣನಿಗೆ ನೋಡಿರುವುದು ಗೊತ್ತಾಯಿತು. ಮರುದಿನ ತಾನೇ ನೀರು ಕಾಯಿಸಿ, "ಸ್ನಾನಕ್ಕೆ ಏಳಿ" ಎಂದು ಅವನನ್ನು ಎಬ್ಬಿಸಿದ.

ಬಾಗಿನ

ಅಧ್ಯಕ್ಷನ ತಾಯಿಗೆ ಹೇಳದೆ ಇರಲು ನನ್ನಿಂದ ಆಗಲಿಲ್ಲ. ಗೌರಿ ಹಬ್ಬಕ್ಕೆ ಸಿಂಧಘಟ್ಟದ ಹುಡುಗ ಬಾಗಿನ ಹೊತ್ತು ಶೀಳನೆರೆಗೆ ಹೊರಟ. ಆಕೆ ನನ್ನನ್ನೂ ಕರೆಸಿಕೊಂಡಳು. ಮೊರ ಮಡಿಲಿಗೆ ಬಿದ್ದದ್ದೇ, "ಇಪ್ಪತ್ತು ವರ್ಷಕ್ಕೆ ತೌರಿನ ಬಾಗಿನ ಕಣಕ್ಕ" ಎಂದು ನನ್ನ ಕೈ ಹಿಡಿದು ಅತ್ತುಬಿಟ್ಟಳು. ಅವತ್ತು ಆ ಹುಡುಗ ಬಸ್ಸು ಹತ್ತದೆ ಉಂಡನಲ್ಲ, ದೇವರು ದೊಡ್ಡವನು ಎಂದುಕೊಂಡೆ.

ಆಕೆ ಕಣ್ಣೊರೆಸಿಕೊಂಡು ಮಗನತ್ತ ತಿರುಗಿದಳು. "ಏನ್ಲಾ ನೋಡ್ತಾ ನಿಂತಿದ್ದೀಯ? ಮಾವನ ಕಾಲಿಗೆ ನೀರು ಕೊಟ್ಟು ಅಡ್ಡಬೀಳು!"

ಸಂಘದ ಅಧ್ಯಕ್ಷ ಅಡ್ಡಬಿದ್ದ. ಹದಿನೇಳು ವರ್ಷದ ಮಾವ ಗಂಭೀರವಾಗಿ ಅವನ ತಲೆಯ ಮೇಲೆ ಕೈಯಿಟ್ಟು, "ಮೊದಲ್ನೇ ವರ್ಷದಿಂದ ಉಳಿದಿರೋ ಇಂಗ್ಲಿಷು ಈ ಸಲನಾದ್ರೂ ಪಾಸಾಗ್ಲಪ್ಪ" ಎಂದ.

ನಗಬೇಡ ಮಗಳೇ, ಬರ್ಕೋ. ಪಾಸೂ ಆದ, ಅದನ್ನೂ ಬರ್ಕೋ.