ಐದೂವರೆಯ ಪಾಳಿ

ಇಂಟರ್ನೆಟ್ಟು ಇಳಿಜಾರಿನ ಕಡೆಗೆ ಹರಿಯುತ್ತದೆ ಎಂದು ಮನಸಾರೆ ನಂಬಿದ ಮನುಷ್ಯರು ಲೋಕದಲ್ಲಿ ಎಷ್ಟು ಜನ ಇದ್ದಾರೋ ನನಗೆ ಗೊತ್ತಿಲ್ಲ. ಒಬ್ಬರಂತೂ ಇದ್ದಾರೆ, ಅವರು ನಮ್ಮ ಕಾಕಾ. ಅಪ್ಪನ ಬೆನ್ನಿಗೆ ಹುಟ್ಟಿದವರು. ಹಾರೂಗೇರಿಯ ಹತ್ತಿರದ ನಮ್ಮ ಊರಿನಲ್ಲಿ ಇವತ್ತಿಗೂ ನಾವೆಲ್ಲ ಒಂದೇ ಮನೆಯಲ್ಲಿದ್ದೇವೆ. ದಯವಿಟ್ಟು ನಗಬೇಡಿ. ಕಾಕಾನನ್ನು ನೋಡಿ ನಕ್ಕವರು ಯಾರೂ ಗೆದ್ದಿಲ್ಲ, ನನ್ನನ್ನೂ ಸೇರಿಸಿ.

ಕಾಕಾ ಜೀವಮಾನವಿಡೀ ಮಾಡಿದ್ದು ಒಂದೇ ಕೆಲಸ. ಕೃಷ್ಣಾ ಹೊಳೆಯಿಂದ ನೀರೆತ್ತಿ ಪೈಪಿನಲ್ಲಿ ಕಬ್ಬಿನ ಹೊಲಗಳಿಗೆ ಹಂಚುವ ರೈತರ ಸಂಘದಲ್ಲಿ ನೀರು ಬಿಡುವುದು. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂದು ಪಾಳಿ ಹಚ್ಚುವವರು ಅವರೇ. ಪಾಳಿ ತಪ್ಪಿಸಿ ವಾಲ್ವ್ ತಿರುಗಿಸಿದವನು ಒಡಹುಟ್ಟಿದ ಅಣ್ಣನಾದರೂ ಕಟ್ಟೆಯ ಮೇಲೆ ನಾಲ್ಕು ಜನರೆದುರು ಬೈಸಿಕೊಳ್ಳಬೇಕಿತ್ತು. ನಮ್ಮಪ್ಪ ಬೈಸಿಕೊಂಡಿದ್ದಾರೆ. ಹೀಗಾಗಿ ಮನೆಯ ನೆಟ್ಟು ನಿಧಾನವಾದಾಗ ಕಾಕಾ ಎಳ್ಳಷ್ಟೂ ಗಾಬರಿಯಾಗಲಿಲ್ಲ.

"ಪೈಪ ಸಣ್ಣದಿರಲಿ ದೊಡ್ಡದಿರಲಿ, ರೋಗ ಮೂರ," ಎಂದರು. "ಟಾಕಿ ತೆಳಗ ಇರತೈತಿ, ಇಲ್ಲಾ ಲೈನ ಸೋರತೈತಿ, ಇಲ್ಲಾ ನಡುವ ಯಾರೋ ಎಳಕೊಳ್ಳಾಕತ್ತಿರತಾರ."

ನೆಟ್ಟು ನಿಧಾನವಾದರೆ ನಮಗೇನು ಹೋಗುತ್ತದೆ ಹೇಳಿ? ನನ್ನ ಕ್ರಿಕೆಟ್ಟು ತಡವಾಗಿ ಕಾಣಿಸುತ್ತದೆ, ನನ್ನ ಹೆಂಡತಿಯ ಧಾರಾವಾಹಿ ನಿಂತು ನಿಂತು ಬರುತ್ತದೆ, ಅಷ್ಟೆ. ಕಾಕುವಿನ ಮಾತು ಬೇರೆ. ಕಾಕು ಎಂದರೆ ಕಾಕಾನ ಹೆಂಡತಿ. ಕೆಲವು ವರ್ಷಗಳ ಹಿಂದೆ ಬಂದ ಒಂದು ಜ್ವರ ಹೋಗುವಾಗ ಅವರ ಎರಡೂ ಕಿವಿಗಳ ಕೇಳುವ ಶಕ್ತಿಯನ್ನು ತೆಗೆದುಕೊಂಡೇ ಹೋಯಿತು. ಈಗ ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಾರೆ. ನಾವೆಲ್ಲ ಗಡಿಬಿಡಿಯವರು, ಅರ್ಧ ಮಾತಿಗೇ ಮುಖ ತಿರುಗಿಸುತ್ತೇವೆ. ಕಾಕಾ ಅಂತೂ ಮಾತು ಬಿಟ್ಟು ಕೈಸನ್ನೆಗೆ ಇಳಿದಿದ್ದರು, ಅದೂ ವಾಲ್ವ್ ತಿರುಗಿಸುವವರ ಸನ್ನೆ. ಬಿಡಿಸಿ ಬಿಡಿಸಿ ಮಾತಾಡುತ್ತಿದ್ದವರು ಹೊಳೆದಂಡೆಯ ಸತ್ತಿ ಎಂಬ ಊರಿನಲ್ಲಿದ್ದ ಕಾಕುವಿನ ಅಕ್ಕ ಒಬ್ಬರೇ.

ನಾವು ಜೈನರು, ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಊಟವಿಲ್ಲ. ಐದಕ್ಕೆಲ್ಲ ಉಂಡು, ತಾಟು ತೊಳೆದಿಟ್ಟು, ಐದೂವರೆಗೆ ಕಾಕು ಅಡುಗೆಮನೆಯಲ್ಲಿ ಮೊಬೈಲ್ ಹಿಡಿದು ಕೂತರೆ ಅಕ್ಕನ ವಿಡಿಯೋ ಕಾಲ್ ಬರುತ್ತಿತ್ತು. ಮೊದಲು ಹೊಳೆಯ ಸುದ್ದಿ: ನೀರು ದಂಡೆಯ ಎಷ್ಟು ಮೆಟ್ಟಿಲು ಏರಿದೆ, ಎಷ್ಟು ಇಳಿದಿದೆ. ಆಮೇಲೆ ಊರಿನ ಸುದ್ದಿ. ಚಿತ್ರ ನಿಂತರೆ ನಮಗೆ ದನಿಯಾದರೂ ಕೇಳುತ್ತದೆ. ಕಾಕುವಿಗೆ ಚಿತ್ರ ನಿಂತರೆ ಅಕ್ಕನೇ ನಿಂತ ಹಾಗೆ. ಅರ್ಧ ಬಾಯಿ ತೆರೆದು ನಿಂತ ಅಕ್ಕನನ್ನು ನೋಡುತ್ತ ಕಾಕು ರೆಪ್ಪೆ ಬಡಿಯದೆ ಕಾಯುತ್ತಿದ್ದರು. ರೆಪ್ಪೆ ಬಡಿದಾಗಲೇ ತುಟಿ ಆಡಿಬಿಟ್ಟರೆ? ಒಂದು ಸಂಜೆ ಕಾಕಾ ಬಾಗಿಲಲ್ಲಿ ನಿಂತು ಇದನ್ನು ನೋಡಿದರು. ಮರುದಿನವೇ ಕೆಲಸ ಶುರುವಾಯಿತು.

ಮೊದಲನೆಯದು ಟಾಕಿ. ಕೆಳಗಿನ ಕೋಣೆಯಲ್ಲಿ ಕಬ್ಬಿಣದ ತಿಜೋರಿಯ ಹಿಂದಿದ್ದ ರೌಟರನ್ನು ಅಟ್ಟಕ್ಕೆ ಏರಿಸಿದರು. "ಕಾಕಾ, ಇದೇನು ನೀರಿನ ಟಾಕಿ ಅಲ್ರಿ" ಎಂದು ನಾನು ನಕ್ಕೆ. ಅವರು ನಗಲಿಲ್ಲ. ಸಂಜೆ ನೆಟ್ಟು ಮೊದಲಿಗಿಂತ ಜೋರಾಗಿ ಬಂತು. ತಿಜೋರಿಯ ಮರೆ ತಪ್ಪಿದ್ದಕ್ಕೆ ಹಾಗಾಯಿತು ಎಂದು ವಿವರಿಸಲು ಹೋದೆ. ಕಾಕಾ ಅಟ್ಟದ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿ ಎದ್ದು ಹೋದರು.

ಆದರೂ ಚಿತ್ರ ಪೂರ್ತಿ ಸರಿಹೋಗಲಿಲ್ಲ. ಈಗ ಸೋರಿಕೆಯ ಸರದಿ. ಹಾರೂಗೇರಿಯಿಂದ ರಿಪೇರಿಯವರನ್ನು ಕರೆಸಿ, ಅವರ ಜೊತೆ ಕಂಬದಿಂದ ಕಂಬಕ್ಕೆ ಕಬ್ಬಿನ ಬದುಗುಂಟ ತಲೆ ಎತ್ತಿಕೊಂಡೇ ನಡೆದರು. ಎರಡು ಸಲ ಕಾಲುವೆಗೆ ಕಾಲು ಜಾರಿತು. ರಿಪೇರಿಯವರು ನಮ್ಮ ಅಂಗಳಕ್ಕೆ ಬರುವ ಹೊತ್ತಿಗೆ ಸೋತಿದ್ದರು.

"ಕಾಕಾ, ಈ ವೈರಿನ್ಯಾಗ ನೀರ ಹರಿಯೂದಿಲ್ರಿ. ಬೆಳಕ ಹರಿತೈತ್ರಿ."

"ಬೆಳಕ ಆದ್ರ ಸೋರೂದಿಲ್ಲೇನ?"

"ಸೋರತೈತ್ರಿ," ಎಂದರು ರಿಪೇರಿಯವರು ಸಣ್ಣ ದನಿಯಲ್ಲಿ. "ವೈರ ಎಲ್ಲೆರ ಬಾಳ ಬಗ್ಗಿತ್ತಂದ್ರ ಅಲ್ಲೇ ಸೋರತೈತ್ರಿ."

ಎಲ್ಲಿ ಬಗ್ಗಿತ್ತು? ನಮ್ಮದೇ ಮಾಳಿಗೆಯ ಮೂಲೆಯಲ್ಲಿ. ಜೋತುಬಿದ್ದ ವೈರು ಚೆಂದ ಕಾಣುವುದಿಲ್ಲವೆಂದು ಒಬ್ಬ ಜಾಣ ಅದನ್ನು ಮೊಳೆಗೆ ಬಿಗಿಯಾಗಿ ಮೂರು ಸುತ್ತು ಸುತ್ತಿದ್ದ. ಆ ಜಾಣ ಯಾರೆಂದು ನಾನು ಹೇಳುವುದಿಲ್ಲ. ಕಾಕಾ ಮಾತ್ರ ಕಟ್ಟೆಯ ಮೇಲೆ ಹೆಸರು ಹಿಡಿದೇ ಹೇಳಿದರು.

ಉಳಿದದ್ದು ಮೂರನೆಯ ರೋಗ, ನಡುವೆ ಎಳೆದುಕೊಳ್ಳುವವರು. ಅದಕ್ಕೆ ಕಾಕಾ ಪಾಳಿ ಹಚ್ಚಿದರು. ಐದೂವರೆಯಿಂದ ಹೊತ್ತು ಮುಳುಗುವವರೆಗೆ ನೆಟ್ಟು ಕಾಕುವಿಗೆ. ಅಡುಗೆಮನೆಯ ಗೂಟಕ್ಕೆ ಒಂದು ಹಳೆಯ ರೊಟ್ಟಿ ಬುಟ್ಟಿ ತೂಗುಬಿತ್ತು. ಆ ಹೊತ್ತಿಗೆ ಎಲ್ಲರ ಮೊಬೈಲೂ ಬಂದ್ ಆಗಿ ಅದರೊಳಗೆ ಬೀಳಬೇಕು. ಒಮ್ಮೆ ನಿಪ್ಪಾಣಿಯಿಂದ ನನ್ನ ಮಾವ ಬಂದಿದ್ದರು. ಕಾಕಾ ಬುಟ್ಟಿ ಹಿಡಿದು ಅವರ ಮುಂದೂ ನಿಂತರು.

"ಬೀಗರ, ಮೊಬೈಲ ಇದರಾಗ ಇಡ್ರಿ. ನಮ್ಮಾಕಿ ಪಾಳಿ ಐತಿ."

"ನಾ ನಿಮ್ಮ ನೆಟ್ ಹಚ್ಚಿಲ್ರಿ. ನಂದ ಸ್ವಂತ ಡಾಟಾ ಐತಿ."

"ಬಾವ್ಯಾಗಿಂದ ಎಳೀರಿ, ಬೋರಿನ್ಯಾಗಿಂದ ಎಳೀರಿ, ತೆಳಗ ನೀರ ಒಂದ ಅಲ್ರಿ."

ಮಾವ ಯೋಚಿಸಿದರು. ಇಟ್ಟರು. ನನ್ನ ಹೆಂಡತಿ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಆದರೆ ಕಾಕುವಿನ ಅಕ್ಕನ ತುಟಿ ಅವತ್ತಿನಿಂದ ಒಮ್ಮೆಯೂ ನಿಲ್ಲಲಿಲ್ಲ. ಅಡುಗೆಮನೆಯಿಂದ ಕಾಕುವಿನ ನಗು ಕೇಳುತ್ತಿತ್ತು. ಕಿವಿ ಕೇಳದವರ ನಗು ಸ್ವಲ್ಪ ಜೋರು. ಕಾಕಾ ಹೊರಗೆ ಕಟ್ಟೆಯ ಮೇಲೆ ಕೂತು, ನೀರು ಕೊನೆಯ ಹೊಲ ಮುಟ್ಟಿದ ಮೇಲೆ ಕೂರುತ್ತಿದ್ದಂತೆ ಕಾಲು ಚಾಚಿಕೊಳ್ಳುತ್ತಿದ್ದರು.

ಈ ಸಲ ಹೊಳೆ ತುಂಬುವ ಹೊತ್ತಿಗೆ ಸತ್ತಿಯ ಅಕ್ಕ ತೀರಿಕೊಂಡರು.

ಸತ್ತಿಗೆ ಹೋಗಿ ಬಂದ ಮೇಲೆ ಕಾಕು ಹೆಚ್ಚು ಅಳಲಿಲ್ಲ. ಐದೂವರೆಗೆ ಅಡುಗೆಮನೆಯಲ್ಲಿ ಕೂರುವುದು ಮಾತ್ರ ಬಿಡಲಿಲ್ಲ. ಮೊಬೈಲ್ ಮುಂದಿರುತ್ತಿತ್ತು, ಬರುವವರು ಯಾರೂ ಇರಲಿಲ್ಲ. ಬುಟ್ಟಿ ಗೂಟದ ಮೇಲೆ ಖಾಲಿ ತೂಗುತ್ತಿತ್ತು. ಯಾರ ಪಾಳಿಯೂ ಇಲ್ಲದ ಹೊತ್ತು ಎಂದುಕೊಂಡು ನಾನು ಕ್ರಿಕೆಟ್ ಹಚ್ಚಿಕೊಳ್ಳತೊಡಗಿದೆ.

ಹೀಗೇ ಒಂದು ಸಂಜೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಆಟ ನೋಡುತ್ತಿದ್ದೆ. ಕಾಕುವಿನ ಮೊಬೈಲು ಬೆಳಗಿತು. ಅದರ ತುಂಬ ಒಂದು ಬಿಳಿ ಮೀಸೆ. ಮೀಸೆಯ ಹಿಂದೆ ನಮ್ಮದೇ ಎಮ್ಮೆ. ಕಾಕಾ ಹಿತ್ತಲಿನ ದನದ ಕೊಟ್ಟಿಗೆಯಲ್ಲಿ ನಿಂತಿದ್ದರು, ಅಡುಗೆಮನೆಯಿಂದ ಇಪ್ಪತ್ತು ಹೆಜ್ಜೆ.

"ಮೊಬೈಲ ದೂರ ಹಿಡೀರಿ," ಎಂದರು ಕಾಕು. "ಬರೀ ಮೀಸಿ ಕಾಣತೈತಿ."

ಮೀಸೆ ಹಿಂದೆ ಸರಿಯಿತು, ತುಟಿ ಕಂಡಿತು. ಜೀವಮಾನದಲ್ಲಿ ಯಾರ ಮುಂದೆಯೂ ನಿಧಾನ ಮಾತಾಡದ ಕಾಕಾ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು: "ಸತ್ತಿ... ಹೊಳಿ... ಎರಡ... ಮೆಟ್ಟಲಾ... ಇಳದೈತಿ."

ಸತ್ತಿಯ ಹೊಳೆದಂಡೆಯ ಪಂಪ್‌ಮನೆಯಲ್ಲಿ ಕಾಕಾನ ಹಳೆಯ ಗೆಳೆಯರೊಬ್ಬರಿದ್ದಾರೆ. ಅವತ್ತು ಮಧ್ಯಾಹ್ನ ಕಾಕಾ ಅವರಿಗೆ ಫೋನ್ ಮಾಡಿ ಮೆಟ್ಟಿಲು ಎಣಿಸಲು ಹಚ್ಚಿದ್ದರೆಂದು ನನಗೆ ಆಮೇಲೆ ತಿಳಿಯಿತು.

"ಮುಂದ?" ಎಂದರು ಕಾಕು.

ಕಾಕಾ ಬಾಯಿ ತೆರೆದರು. ಚಿತ್ರ ನಿಂತುಬಿಟ್ಟಿತು.

ಎದ್ದು ಹಿತ್ತಲಿಗೆ ಹೋದರೆ ಮುಗಿಯುತ್ತಿತ್ತು. ಕಾಕು ಏಳಲಿಲ್ಲ. ಅರ್ಧ ಬಾಯಿ ತೆರೆದ ಗಂಡನನ್ನು ರೆಪ್ಪೆ ಬಡಿಯದೆ ನೋಡುತ್ತ ಕೂತರು. ಆಮೇಲೆ ತಲೆ ಎತ್ತದೆಯೇ ಕೇಳಿದರು:

"ನಡುವ ಯಾವನಲೇ ಎಳಿಯಾಕತ್ತಾಂವ?"

ಆಟ ನಿಲ್ಲಿಸಿ, ಮೊಬೈಲ್ ಬಂದ್ ಮಾಡಿ, ಬುಟ್ಟಿಯಲ್ಲಿಟ್ಟೆ. ಸ್ವಲ್ಪ ಹೊತ್ತಿಗೆ ಮೀಸೆ ಅಲುಗಾಡಿತು.

"ಹೂಂ," ಎಂದರು ಕಾಕು, "ಈಗ ಹೇಳ್ರಿ."