ತಲೆಯೊಳಗಿನ ಗಾಠ

ನನ್ನ ಮಿದುಳನ್ನು ಮಾನವಕುಲದ ಸೇವೆಗೆ ಒಪ್ಪಿಸಿಬಿಡಬೇಕೆಂದು ಹೋದ ತಿಂಗಳು ನಾನು ಘನವಾದ ನಿರ್ಧಾರ ಮಾಡಿದೆ. ಸತ್ತ ಮೇಲಲ್ಲ ಸ್ವಾಮಿ, ಬದುಕಿರುವಾಗಲೇ!

ಸೋಲಾಪುರದಲ್ಲಿ ಮೂವತ್ತು ವರ್ಷದಿಂದ ಪಾತ್ರೆ ಅಂಗಡಿ ಇಟ್ಟುಕೊಂಡು ಕೂತಿರುವ ರಾಚಪ್ಪನಿಗೆ, ಅಂದರೆ ನನಗೆ, ಈ ಅವಕಾಶ ಸಿಕ್ಕಿದ್ದು ವಿಜಾಪುರ ರಸ್ತೆಯ ಒಂದು ಆಸ್ಪತ್ರೆಯ ಗೋಡೆಯ ಮೇಲೆ. ವಯಸ್ಸಾದವರ ಮರೆವಿಗೆ ಅಲ್ಲಿ ಹೊಸ ಗುಳಿಗೆಯೊಂದನ್ನು ಪರೀಕ್ಷಿಸುತ್ತಿದ್ದರು. ಹೋಲಿಸಿ ನೋಡಲು ಮರೆವಿಲ್ಲದ ಆರೋಗ್ಯವಂತರೂ ಬೇಕಾಗಿದ್ದರು. ಇವರಿಗೆ ಗುಳಿಗೆಯಿಲ್ಲ, ನೆನಪಿನ ಪರೀಕ್ಷೆ ಮತ್ತು ತಲೆಯ ಎಂಆರ್‌ಐ, ಅಷ್ಟೆ. ಓದಿದ ಕೂಡಲೇ ಇದು ನನಗಾಗಿಯೇ ಅಂಟಿಸಿದ ಚೀಟಿ ಅನ್ನಿಸಿತು. ಒಳಗೆ ಹೋಗಿ ಹೆಸರು ಬರೆಸಿಯೇ ಮನೆಗೆ ಬಂದೆ.

"ನನ್ನ ಕಂಟ್ರೋಲ್ ಗುಂಪಿನ್ಯಾಗ ತಗೊಂಡಾರ!" ಎಂದು ಹೆಂಡತಿ ಇಂದುಬಾಯಿಯ, ನನ್ನ ಪಾಲಿನ ಇಂದುವಿನ, ಮುಂದೆ ಎದೆಯುಬ್ಬಿಸಿದೆ.

"ಕಂಟ್ರೋಲ್? ಗೋಧಿ ಅಷ್ಟ ಕೊಡ್ತಾರೋ, ಸಕ್ಕರಿನೂ ಕೊಡ್ತಾರೋ?" ಎಂದಳು. ನಮ್ಮ ಕಡೆ ಕಂಟ್ರೋಲ್ ಎಂದರೆ ರೇಷನ್ ಅಂಗಡಿ.

"ರೇಷನ್ ಅಲ್ಲ, ಶಾಣ್ಯಾಕಿ! ಮರವು ಇದ್ದವರ ತಲಿ ಹೆಂಗ ಇರತೈತಿ, ಇಲ್ಲದವರ ತಲಿ ಹೆಂಗ ಇರತೈತಿ ಅಂತ ಬಾಜೂಕ ಬಾಜೂ ಇಟ್ಟು ನೋಡ್ತಾರ. ನಂದು ಮಾದರಿ ತಲಿ!"

"ಯವ್ವಾ ಶಿವನ! ಮುಂಜಾನಿ ಮೆಂತೆಪಲ್ಯ ತರ್ರಿ ಅಂದ್ರ ಸಂಜಿಗೆ 'ನೆನಪಿಲ್ಲ' ಅನ್ನೂ ತಲಿನ ಮಾದರಿ ಮಾಡ್ಯಾರ? ಆ ಗುಳಿಗಿ ಕಂಪನಿ ಮುಳುಗಿ ಹೋಗತೈತಿ ನೋಡ್ರಿ!"

ಓದುಗರೇ, ನಿಮಗೊಂದು ಗುಟ್ಟು ಹೇಳುತ್ತೇನೆ. ನನ್ನ ನೆನಪು ಕಬ್ಬಿಣದ ಪೆಟ್ಟಿಗೆ. 'ನೆನಪಿಲ್ಲ' ಎಂಬುದು ಮರೆವಲ್ಲ, ಸಂಸಾರದಲ್ಲಿ ಶಾಂತಿ ಕಾಪಾಡಲು ನಾನು ಸ್ವಂತ ಶ್ರಮದಿಂದ ಕಂಡುಹಿಡಿದ ಔಷಧ. ಮೆಂತೆಪಲ್ಯಕ್ಕೂ ಅದೇ, ದೊಡ್ಡ ಅಪರಾಧಕ್ಕೂ ಅದೇ.

ದೊಡ್ಡ ಅಪರಾಧ ಒಂದಿತ್ತು. ನನ್ನ ಅತ್ತೆ ಕಸ್ತೂರಬಾಯಿ ತೀರಿಹೋಗುವಾಗ ಮಗಳಿಗೆಂದು ಬಿಟ್ಟುಹೋದ ತಾಮ್ರದ ಕೊಡ. ಅದರ ಕೊರಳ ಮೇಲೆ ಅವರ ಹೆಸರು ಕೊರೆದಿತ್ತು. ಹನ್ನೊಂದು ವರ್ಷದ ಹಿಂದೆ ಪಂಚಮಿಯ ಹೊತ್ತಿಗೆ ಅದು ಮನೆಯಿಂದ ಮಾಯವಾಯಿತು. ಅಕ್ಕಲಕೋಟದಿಂದ ಹಬ್ಬಕ್ಕೆ ಬಂದಿದ್ದ ನನ್ನ ಅಕ್ಕ ಗಿರಿಜಾಬಾಯಿ ಅದೇ ದಿನ ದೊಡ್ಡ ಚೀಲ ಹೊತ್ತು ಊರಿಗೆ ಹೋಗಿದ್ದಳು. ಇಂದುಬಾಯಿ ಅವಳಿಗೆ ಫೋನ್ ಹಚ್ಚಿ ನೇರವಾಗಿ ಕೇಳಿಬಿಟ್ಟಳು. ಅಕ್ಕ ಚೀಲದೊಳಗಿನ ಉಂಡಿ, ಚಕ್ಕುಲಿಯನ್ನೆಲ್ಲ ಫೋನಿನಲ್ಲೇ ಎಣಿಸಿ ಹೇಳಿ, ಅತ್ತು, ಅಂದಿನಿಂದ ನಮ್ಮ ಹೊಸ್ತಿಲು ತುಳಿಯಲಿಲ್ಲ. ಇವಳೂ ಅವಳ ಹೊಸ್ತಿಲು ತುಳಿಯಲಿಲ್ಲ. "ನೀವರ ಕೊಡ ನೋಡೀರೇನ್ರಿ?" ಎಂದಾಗ ನಾನು ಹೇಳಿದ್ದು ಒಂದೇ ಮಾತು: "ನೆನಪಿಲ್ಲ."

ಇರಲಿ. ಪರೀಕ್ಷೆಯ ದಿನ ನಾನು ಮದುಮಗನಂತೆ ಹೋದೆ. ಹದಿನೈದು ಶಬ್ದ ಹೇಳಿ, ಅರ್ಧ ತಾಸಿನ ಮೇಲೆ ತಿರುಗಿ ಕೇಳಿದರು. ಹದಿನೈದನ್ನೂ ಮೊದಲು ನೆಟ್ಟಗೆ, ಆಮೇಲೆ ಉಲ್ಟಾ ಹೇಳಿದೆ! ಪರೀಕ್ಷೆ ಮಾಡುವ ಹುಡುಗಿಯ ಪೆನ್ನು ಕೆಳಗೆ ಬಿತ್ತು.

ಎಂಆರ್‌ಐ ಕೋಣೆಯ ಬಾಗಿಲಲ್ಲಿ ಮಾತ್ರ ನನ್ನ ಮೆರವಣಿಗೆ ನಿಂತಿತು. "ಮೈಮ್ಯಾಲ ಲೋಹ ಏನೂ ಇರಬಾರದ್ರಿ ಕಾಕಾ," ಎಂದ ಟೆಕ್ನಿಶಿಯನ್ ಶುಭಂ. ಗಡಿಯಾರ, ಉಂಗುರ ತೆಗೆದೆ. ಉಳಿದದ್ದು ಬೆಳ್ಳಿ ಉಡದಾರ. ಮದುವೆಯಲ್ಲಿ ಸೊಂಟಕ್ಕೇರಿದ ಅದರ ಕೊಂಡಿ ಹೊಟ್ಟೆಯ ಮಡಿಕೆಯಲ್ಲಿ ಎಲ್ಲೋ ಭೂಗತವಾಗಿತ್ತು. ನಾನು ಉಸಿರು ಎಳೆದುಕೊಂಡೆ, ಶುಭಂ ಉಡದಾರ ಎಳೆದ. ಕೊನೆಗೆ ಸಾಬೂನು ಹಚ್ಚಿ, ಸುತ್ತ ತಿರುಗಿಸಿ ಕೊಂಡಿ ಹುಡುಕಿದ. ಪಾಪ, ಅವನ ಹಣೆಯಲ್ಲಿ ಬೆವರು!

ಯಂತ್ರದೊಳಗೆ ಎಲ್ಲರೂ ಗಾಬರಿಯಾಗುತ್ತಾರಂತೆ. ಟಕಟಕಟಕ, ಕರ್ರ್‌ರ್, ಢಣ್ ಢಣ್! ನನಗೇನು? ಪಾತ್ರೆಗಳ ಮೇಲೆ ಹೆಸರು ಕೊರೆಯುವ ಮಷಿನ್ನಿನ ಪಕ್ಕದಲ್ಲಿ ಆಯುಷ್ಯ ಕಳೆದವನು ನಾನು. ಜೋಗುಳ ಕೇಳಿದ ಹಾಗಾಗಿ ನಿದ್ದೆ ಹೋದೆ. "ಕಾಕಾ, ಗೊರಕಿ ಹೊಡೀಬ್ಯಾಡ್ರಿ, ತಲಿ ಅಲಗ್ಯಾಡಾಕತ್ತೈತಿ!" ಎಂದು ಶುಭಂ ಮೈಕಿನಲ್ಲಿ ಮೂರು ಸಲ ಕೂಗಬೇಕಾಯಿತು.

ಒಂಬತ್ತು ದಿನ ಕಳೆದವು. ಶನಿವಾರ ಸಂಜೆ ಅಂಗಡಿಯಿಂದ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಾಳೆ. ಮುಖದಲ್ಲಿ ರಕ್ತವಿಲ್ಲ.

"ಫೋನ್ ಮನ್ಯಾಗ ಬಿಟ್ಟು ಹೋಗಿದ್ರಿ. ದವಾಖಾನಿಯಿಂದ ಬಂದಿತ್ತು. ಮರಾಠಿಯೊಳಗ ಪಟಪಟ ಅಂದ್ಳು. ನಿಮ್ಮ ತಲಿ ಫೋಟೋ ಬಂದೈತಂತ, ಅದರಾಗ... ಗಾಠ."

"ಏನು?"

"ಗಾಠ ಘ್ಯಾಯಚಿ ಆಹೆ ಅಂದ್ಳು. ಸೋಮವಾರ ಹನ್ನೊಂದಕ್ಕ ಡಾಕ್ಟರು ಗಾಠ... ತಗೀತಾರಂತ."

ಇಂದುವಿನ ತವರು ದುಧನಿ, ಗಡಿಯ ಕನ್ನಡದ ಊರು. ಅವಳ ಮರಾಠಿ ಕಾಯಿಪಲ್ಯದ ಚೌಕಾಸಿಯ ಆಚೆ ಹೋಗುವುದಿಲ್ಲ. ನಾನೋ, ಸೋಲಾಪುರದಲ್ಲೇ ಹುಟ್ಟಿದವನು, ಮರಾಠಿ ಗಿರಾಕಿಗಳ ಜೊತೆ ಮರಾಠಿಯಲ್ಲೇ ಜಗಳ ಗೆದ್ದವನು! ಗಾಠ ಅಂದರೆ ಗಂಟು, ಘ್ಯಾಯಚಿ ಅಂದರೆ ತೆಗೆದುಕೊಳ್ಳುವುದು. ತಲೆಯಲ್ಲಿ ಗಂಟು, ಸೋಮವಾರ ಆಪರೇಷನ್! ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತೆ.

ತಿರುಗಿ ಫೋನ್ ಹಚ್ಚಿದರೆ ಆಫೀಸು ಮುಚ್ಚಿತ್ತು. ರವಿವಾರ ಪೂರ್ತಿ ರಜೆ. ಆ ರಾತ್ರಿ ಇಬ್ಬರೂ ಉಣ್ಣಲಿಲ್ಲ. ಸುಳ್ಳೇಕೆ ಹೇಳಲಿ, ನಾನು ಬಹಳ ಅಂಜಿದೆ.

ರವಿವಾರ ಮುಂಜಾನೆ ಇಂದು ನನ್ನನ್ನು ಅಕ್ಕಲಕೋಟಕ್ಕೆ ಹೊರಡಿಸಿದಳು, ಸ್ವಾಮಿಗಳ ಗುಡಿಯಲ್ಲಿ ಹರಕೆ ಹೊರಲು. ಉದ್ದದ ಸಾಲು. ಇಂದು ಕಣ್ಣು ಮುಚ್ಚಿ ಪಿಟಿಪಿಟಿ ಅನ್ನುತ್ತಿದ್ದಳು. ಅಲ್ಲಿಂದ ಎರಡೇ ಗಲ್ಲಿ ಆಚೆ ಅಕ್ಕನ ಮನೆ. ಅದು ನೆನಪಾದದ್ದೇ ತಡ, ಕೊಡವೂ ನೆನಪಾಯಿತು. ಸೋಮವಾರ ತಲೆ ಬಿಚ್ಚಿದಾಗ ಆ ಕೊಡ ಡಾಕ್ಟರಿಗೇ ಕಂಡುಬಿಟ್ಟರೆ?

"ಇಂದು, ಒಂದು ಮಾತು ಹೇಳತೀನಿ. ಸಿಟ್ಟಿಗೇಳಬ್ಯಾಡ."

"ಈಗ್ಯಾಕ ಸಿಟ್ಟು? ಹೇಳ್ರಿ."

"ನಿಮ್ಮವ್ವನ ಕೊಡ ಅಕ್ಕ ಒಯ್ದಿಲ್ಲ. ನೆಗ್ಗು ತಗಸಾಕಂತ ನಾನ ಅಂಗಡಿಗೆ ಒಯ್ದಿದ್ದೆ. ಅಲ್ಲಿ ಕರಗಸಾಕ ಇಟ್ಟ ಮೋಡಕಾ ಪಾತ್ರಿ ರಾಶಿಯೊಳಗ ಸೇರಿ, ಗಾಡಿ ತುಂಬಿ ಹೋಗಿಬಿಡ್ತು. ನಿನಗ ಹೇಳಾಕ ಧೈರ್ಯ ಆಗಲಿಲ್ಲ."

ಸಾಲು ನಾಲ್ಕು ಹೆಜ್ಜೆ ಮುಂದೆ ಹೋಯಿತು. ಅವಳು ಹೋಗಲಿಲ್ಲ. ಹಿಂದಿನ ಹೆಂಗಸು "ಚಲಾ ಚಲಾ" ಎಂದು ತಳ್ಳಿದ ಮೇಲೆ ನಡೆದಳು. ಆಮೇಲೆ ಮೆಲ್ಲಗೆ, "ಮದಲ ನಿಮ್ಮ ತಲಿ ನೆಟ್ಟಗಾಗಲಿ. ಮುಂದಿಂದು ಮುಂದ," ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ ನೋಡಿ, ಅದಕ್ಕೇ ನನ್ನ ಕಣ್ಣಲ್ಲಿ ನೀರು ಬಂತು.

ಸೋಮವಾರ ಹನ್ನೊಂದಕ್ಕೆ ಯೋಗಿರಾಜ ಡಾಕ್ಟರ ಮುಂದೆ ಹೋಗಿ ನಿಂತೆವು. ಇಂದುವಿನ ಕೈಯಲ್ಲಿ ಚೀಲ. ಅದರಲ್ಲಿ ಲುಂಗಿ, ಟವೆಲ್, ತಂಬಿಗೆ, ಗುಡಿಯಿಂದ ತಂದ ಅಂಗಾರದ ಭಸ್ಮ. ನಾನು ಎರಡೂ ಕೈ ಜೋಡಿಸಿದೆ.

"ಡಾಕ್ಟರ್ ಸಾಹೇಬ್ರ, ಗಾಠ ಎಷ್ಟು ದೊಡ್ಡದೈತ್ರಿ?"

"ಯಾವ ಗಾಠ?"

"ತಲ್ಯಾಂದು! ಇವತ್ತ ತಗೀತೀರಿ ಅಂತ ನಿಮ್ಮ ಆಫೀಸಿನ ಹುಡುಗಿ ಫೋನ್ ಮಾಡಿದ್ಳಲ್ರಿ? ಗಾಠ ಘ್ಯಾಯಚಿ ಆಹೆ ಅಂತ!"

ಡಾಕ್ಟರು ಫೋನು ಮಾಡಿದ್ದ ಹುಡುಗಿಯನ್ನು ಕರೆಸಿದರು. ಅವಳು ಬಂದು ಬೆರಗಾಗಿ ಹೇಳಿದಳು: "ನಾನು ಅಂದದ್ದು 'ಡಾಕ್ಟರಾಂನಾ ತುಮಚ್ಯಾ ಮಾಲಕಾಂಚಿ ಗಾಠ ಘ್ಯಾಯಚಿ ಆಹೆ' ಅಂತ. ಡಾಕ್ಟರು ನಿಮ್ಮ ಯಜಮಾನರನ್ನ ಭೆಟ್ಟಿ ಆಗಬೇಕಂತಾರ ಅಂತ!"

ಅಯ್ಯೋ ನನ್ನ ಮರಾಠಿಯೇ! ಗಾಠ ಘೇಣೆ ಅಂದರೆ ಭೇಟಿಯಾಗುವುದು. ನಾನೇ ಗಿರಾಕಿಗಳಿಗೆ ದಿನಕ್ಕೆ ಹತ್ತು ಸಲ ಆ ಮಾತು ಹೇಳುತ್ತೇನೆ! ಅಂಜಿಕೆ ಬಂದರೆ ಮನುಷ್ಯನ ಭಾಷೆಯೇ ಓಡಿಹೋಗುತ್ತದೆ.

"ನಿಮ್ಮ ತಲಿಯೊಳಗ ಗಂಟೂ ಇಲ್ಲ, ಗಡ್ಡಿನೂ ಇಲ್ಲ. ಎಲ್ಲಾ ಛಲೋ ಐತಿ," ಎಂದು ಡಾಕ್ಟರು ನಕ್ಕರು. "ಆರು ತಿಂಗಳ ಮ್ಯಾಲ ಇನ್ನೊಮ್ಮೆ ಬರತೀರೇನು ಅಂತ ಕೇಳಾಕ ಕರದಿದ್ವಿ."

ಇಂದು ಚೀಲ ಬಿಟ್ಟು ಕುರ್ಚಿಯಲ್ಲಿ ಕೂತು ಹೋ ಎಂದು ಅತ್ತಳು. ನಾನೂ ಅತ್ತೆ. ಚೀಲದಿಂದ ತಂಬಿಗೆ ಉರುಳಿ ಢಣಢಣ ಎಂದಿತು. ಹುಡುಗಿ ನೀರು ಕೊಟ್ಟಳು. ಎರಡು ದಿನದ ಭಾರ ಇಳಿದು, ನನಗೆ ಆ ಕೋಣೆಯಲ್ಲೇ ಕುಣಿಯಬೇಕು ಅನ್ನಿಸಿತು! ಕಣ್ಣೊರೆಸಿಕೊಂಡ ಇಂದು ಒಮ್ಮೆಲೆ ಕೇಳಿದಳು:

"ಡಾಕ್ಟರ್ ಸಾಹೇಬ್ರ, ಇವರ ನೆನಪು ಹೆಂಗೈತ್ರಿ?"

"ನೆನಪಾ? ಇಲ್ಲಿ ಬಂದವರೊಳಗ ಒಂದನೇ ನಂಬರ್ ಇವರದ! ಹದಿನೈದಕ್ಕ ಹದಿನೈದು, ಉಲ್ಟಾ ಸೈತ!"

"ಅದನ್ನ ಒಂದು ಕಾಗದದ ಮ್ಯಾಲ ಬರದು ಕೊಡ್ರಿ," ಎಂದಳು. ಡಾಕ್ಟರು ಸಂತೋಷದಿಂದ ಬರೆದು ಸಹಿ ಮಾಡಿದರು. ನಾನು ಉಬ್ಬಿಹೋದೆ, ಹೆಡ್ಡ! ನನ್ನ ಮೂವತ್ತು ವರ್ಷದ ಔಷಧಕ್ಕೆ ಅಲ್ಲೇ ಬೀಗ ಬಿತ್ತೆಂದು ತಿಳಿಯಲಿಲ್ಲ.

ಹೊರಗೆ ಬಂದು, ಹಾಯಾಗಿ ಸ್ಕೂಟರಿಗೆ ಕಿಕ್ ಹೊಡೆದು ಮನೆಯ ಕಡೆ ತಿರುಗಿಸಿದೆ. ಹಿಂದಿನಿಂದ ಹೆಗಲ ಮೇಲೆ ಕೈ ಬಿತ್ತು.

"ಮನೀಕಡಿ ಅಲ್ಲ. ಅಕ್ಕಲಕೋಟಕ್ಕ ನಡೀರಿ."

"ಹರಕಿ ತೀರಸಾಕೇನು? ಇವತ್ತ ಯಾಕ, ನಾಳೆ ಹೋಗೂಣಲ್ಲ."

"ಹರಕಿ ನಾಳೆ ತೀರಸೂಣು. ಕೊಡ ಹೆಂಗ ಹೋತು, ಹನ್ನೊಂದು ವರ್ಷ ಯಾರು ಬಾಯಿ ಮುಚಗೊಂಡು ಕುಂತಿದ್ರು, ಎಲ್ಲಾ ಅಕ್ಕಾರ ಮುಂದ ನಿಂತು ನೆಟ್ಟಗ ಹೇಳ್ರಿ, ಆಮ್ಯಾಲ ಉಲ್ಟಾನೂ ಹೇಳ್ರಿ. ನಾನು ಅವರ ಕಾಲು ಹಿಡೀಬೇಕಾಗೈತಿ."

"ಇಂದು, ಅದೆಲ್ಲ ಈಗ ನನಗ ನೆನಪ..."

ಕನ್ನಡಿಯಲ್ಲಿ ನೋಡಿದೆ. ಇಂದು ಡಾಕ್ಟರ ಕಾಗದವನ್ನು ನನ್ನ ಕಿವಿಯ ಪಕ್ಕ ಪಟಪಟ ಆಡಿಸುತ್ತಿದ್ದಳು. ನಗುತ್ತಿದ್ದಳು ಕೂಡ. ಆಮೇಲೆ ಹುಟ್ಟಿದಂದಿನಿಂದ ಮರಾಠಿಯ ಒಂದು ವಾಕ್ಯವೂ ನೆಟ್ಟಗೆ ಆಡದ ಆ ಹೆಣ್ಣು, ಒಂದಕ್ಷರ ತಪ್ಪದೆ, ಶುದ್ಧ ಮರಾಠಿಯಲ್ಲಿ ಹೇಳಿದಳು:

"ಚಲಾ! ಆತಾ ಗಿರಿಜಾಬಾಯಿಂಚಿ ಗಾಠ ಘ್ಯಾಯಚಿ ಆಹೆ!"